ಮೂಲೆಗೆ ಸರಿದ ಹೆಸರುಗಳು

ಮೊನ್ನೆ ರಾತ್ರಿ ಊರಿಂದ ತಂಗಿ ಫೋನ್ ಮಾಡಿದ್ದಳು. "ಅಣ್ಣಯ್ಯ, ಇವತ್ತಿನ ಸೀರಿಯಲ್ ಕೊನೇಲಿ ಹುಡುಗನ ಹೆಸರು ಬರ್ತದಂತೆ. ನೀನೂ ನೋಡು, ಅತ್ತಿಗೆಗೂ ಹೇಳು" ಅಂತ. ಹುಡುಗ ಅಂದರೆ ಅವಳ ಮಗ. ಓದು ಮುಗಿಸಿ, ಮನೆಯಲ್ಲಿ ಎಲ್ಲರ ಹತ್ತಿರ ಬೈಸಿಕೊಂಡು ಬೆಂಗಳೂರಿಗೆ ಹೋದವನು. ಸಂಕಲನಕಾರರೊಬ್ಬರ ಕೈಕೆಳಗೆ ಒಂದು ವರ್ಷದಿಂದ ಕೆಲಸ ಮಾಡುತ್ತಿದ್ದಾನೆ. ಪಟ್ಟಿಯಲ್ಲಿ ಹೆಸರು ಬರುವುದು ಇದೇ ಮೊದಲು.

ಅಂಬಲಮುಗಳಿನ ನಮ್ಮ ಮನೆಯಲ್ಲಿ ಅವತ್ತು ಬೇಗ ಊಟ ಮುಗಿಸಿ ಟಿವಿ ಮುಂದೆ ಕೂತೆವು. ಕಥೆ ಎಂದಿನಂತೆ ಅಳುವಲ್ಲಿಗೆ ಬಂದು ನಿಂತಿತು. ಹೆಸರುಗಳು ಶುರುವಾದವು ಅನ್ನುವಷ್ಟರಲ್ಲಿ ಇಡೀ ಚಿತ್ರ ಚಿಕ್ಕದಾಗಿ ಎಡಗಡೆಯ ಮೂಲೆಗೆ ಸರಿಯಿತು. ಉಳಿದ ಜಾಗವನ್ನೆಲ್ಲ ಭಾನುವಾರದ ಡ್ಯಾನ್ಸ್ ಕಾರ್ಯಕ್ರಮದ ಪ್ರೋಮೋ ತುಂಬಿಕೊಂಡಿತು. ನಾನು ಕನ್ನಡಕ ಏರಿಸಿಕೊಂಡು ಟಿವಿಗೆ ಮೂಗು ತಾಗುವಷ್ಟು ಹತ್ತಿರ ಹೋದೆ. ಇರುವೆ ಸಾಲು ಮೇಲಕ್ಕೆ ಹತ್ತಿದ ಹಾಗೆ ಏನೋ ಹತ್ತಿತು, ಹೋಯಿತು. ಎರಡು ನಿಮಿಷಕ್ಕೆ ಫೋನು.

"ಕಂಡಿತಾ ಅಣ್ಣಯ್ಯ?"

"ಕಂಡಿತು ಕಣೇ" ಅಂದೆ.

ಆ ಸುಳ್ಳು ಎರಡು ದಿನ ತಲೆಯಲ್ಲೇ ಕೊರೆಯಿತು. ಈ ಹೆಸರುಗಳು ಮೂಲೆಗೆ ಸರಿದದ್ದು ಯಾವಾಗ, ಯಾಕೆ ಅಂತ ಯೋಚಿಸುತ್ತಾ ಹೋದೆ. ನೆನಪಿಗೆ ಬಂದದ್ದು, ಓದಿ ತಿಳಿದದ್ದು ಎರಡನ್ನೂ ಇಲ್ಲಿ ಬರೆಯುತ್ತಿದ್ದೇನೆ.

ಮೊದಲಿಗೆ ಸಿನಿಮಾ. ನಮ್ಮ ಹಳೇ ಕನ್ನಡ ಚಿತ್ರಗಳಲ್ಲಿ ಹೆಸರುಗಳೆಲ್ಲ ಮುಂದೆಯೇ ಬರುತ್ತಿದ್ದವು. ಕೊನೆಯಲ್ಲಿ 'ಶುಭಂ' ಅಂತ ಬಂದರೆ ಮುಗಿಯಿತು, ಜನ ಚಪ್ಪಲಿ ಹುಡುಕುತ್ತಿದ್ದರು. ಮುಂದೆ ಹಾಕಿದ್ದರಿಂದ ಒಂದು ಅನುಕೂಲ ಇತ್ತು. ಸಿನಿಮಾ ನೋಡಬೇಕಾದವನು ಹೆಸರುಗಳನ್ನು ದಾಟಿಯೇ ಒಳಗೆ ಹೋಗಬೇಕಿತ್ತು. ಟಿವಿ ಧಾರಾವಾಹಿಗಳಲ್ಲಿ ಮುಖ್ಯ ಹೆಸರುಗಳು ಮುಂದೆ, ಮಿಕ್ಕವರ ದೊಡ್ಡ ಪಟ್ಟಿ ಹಿಂದೆ ಅನ್ನುವ ಪದ್ಧತಿ ಬಂತು. ಹಿಂದೆ ಹೋದವರಿಗೇ ಆಮೇಲೆ ಕಷ್ಟ ಶುರುವಾದದ್ದು.

ದೂರದರ್ಶನ ದೆಹಲಿಯಲ್ಲಿ ಶುರುವಾದದ್ದು 1959ರ ಸೆಪ್ಟೆಂಬರ್ 15ಕ್ಕೆ. ದೇಶಕ್ಕೆಲ್ಲ ಒಂದೇ ಕಾರ್ಯಕ್ರಮ ಅನ್ನುವ ರಾಷ್ಟ್ರೀಯ ಪ್ರಸಾರ, ಜತೆಗೆ ಬಣ್ಣ, ಬಂದದ್ದು 1982ರಲ್ಲಿ. 1984ರ ಜುಲೈನಲ್ಲಿ 'ಹಮ್ ಲೋಗ್' ಶುರುವಾಯಿತು. ಪ್ರತಿ ಕಂತಿನ ಕೊನೆಗೆ ಅಶೋಕ್ ಕುಮಾರ್ ಬಂದು ನಾಲ್ಕು ಮಾತಾಡಿ ಹೋಗುವವರೆಗೆ ಯಾರೂ ಏಳುತ್ತಿರಲಿಲ್ಲ. ಹೆಸರುಗಳು ಬಂದರೂ ಕೂತೇ ಇರುತ್ತಿದ್ದೆವು. ಭಕ್ತಿಯಿಂದೇನಲ್ಲ. ಎದ್ದು ಹೋಗಿ ತಿರುಗಿಸೋಣ ಅಂದರೆ ಇನ್ನೊಂದು ಚಾನೆಲ್ ಇರಲಿಲ್ಲ, ಅಷ್ಟೇ! ಕೇರಳದಲ್ಲಿ ತಿರುವನಂತಪುರದಿಂದ ಮಲಯಾಳಂ ಕಾರ್ಯಕ್ರಮಗಳು ಶುರುವಾದದ್ದೇ 1985ರ ಜನವರಿ 1ಕ್ಕೆ.

ಆ ಕಾಲದಲ್ಲಿ ಕನ್ನಡ ನಾಡು ಬಿಟ್ಟು ದೂರ ಬಂದು ಸೇರಿದವರಿಗೆ ಆ ಪಟ್ಟಿ ಬೇರೇನೋ ಆಗಿತ್ತು. ಅಂಬಲಮುಗಳು ಕಾರ್ಖಾನೆಗಳ ಊರು. ರಿಫೈನರಿ, ಫ್ಯಾಕ್ಟ್, ಎಚ್‌ಒಸಿ ಅಂತ ಸುತ್ತಮುತ್ತ ಕೆಲಸಕ್ಕೆ ಬಂದವರಲ್ಲಿ ಎಲ್ಲ ಭಾಷೆಯವರೂ ಇದ್ದರು. ನಮಗೆ ಕನ್ನಡ ಕೇಳುವುದೇ ಅಪರೂಪ, ಕನ್ನಡ ಅಕ್ಷರ ಕಾಣುವುದು ಇನ್ನೂ ಅಪರೂಪ. ಭಾನುವಾರ ಮಧ್ಯಾಹ್ನ ದೂರದರ್ಶನ ಬೇರೆ ಬೇರೆ ಭಾಷೆಯ ಪ್ರಶಸ್ತಿ ಚಿತ್ರಗಳನ್ನು ಹಾಕುತ್ತಿತ್ತು, ನೆನಪಿದೆಯಲ್ಲ? ಯಾವುದೋ ಒಂದು ಭಾನುವಾರ ಕನ್ನಡದ ಸರದಿ. ಅವತ್ತು ಮಕ್ಕಳನ್ನು ಕೂರಿಸಿಕೊಂಡು "ಇದು ಛಾಯಾಗ್ರಹಣ, ಇದು ಸಂಕಲನ, ಓದು ನೋಡೋಣ" ಅಂತ ಟೈಟಲ್ ಕಾರ್ಡುಗಳ ಮೇಲೆ ಅಕ್ಷರಾಭ್ಯಾಸ ಮಾಡಿಸಿದ ಅಪ್ಪಂದಿರಲ್ಲಿ ನಾನೂ ಒಬ್ಬ. 'ಮಾಲ್ಗುಡಿ ಡೇಸ್' ಹಿಂದಿ ಧಾರಾವಾಹಿ. ಆದರೆ ಶಂಕರ್ ನಾಗ್, ಅನಂತ್ ನಾಗ್, ಮಾಸ್ಟರ್ ಮಂಜುನಾಥ್, ಗಿರೀಶ್ ಕಾರ್ನಾಡ್ ಅಂತ ಹೆಸರುಗಳು ಬರುವಾಗ ಅದು ನಮ್ಮ ಆಗುಂಬೆಯದೇ ಅಂತ ಪಕ್ಕದ ಮನೆಯವರಿಗೆ ತೋರಿಸಿಕೊಂಡದ್ದುಂಟು. ಇನ್ನು ಧಾರಾವಾಹಿಗಳ ಕೊನೆಯ 'ಕೃತಜ್ಞತೆಗಳು' ಎಂಬ ಕಾರ್ಡು ನನಗೆ ಬಹಳ ಇಷ್ಟ. ಇಂಥ ಊರಿನ ಗ್ರಾಮಸ್ಥರು, ಇಂಥ ಮನೆಯವರು ಅಂತ ಇರುತ್ತಿತ್ತು. ಆ ಊರಿಗೆ ಯಾವ ಬಸ್ಸು ಹೋಗುತ್ತದೆ ಅಂತ ಮನೆಯಲ್ಲಿ ಚರ್ಚೆ ನಡೆಯುತ್ತಿತ್ತು.

ಹೀಗೆ ಕೂತು ಓದುವ ಕಾಲ ಮುಗಿದದ್ದು ಚಾನೆಲ್ಲುಗಳು ಹೆಚ್ಚಾದಾಗ. ಮಲಯಾಳಂನಲ್ಲಿ ಏಷ್ಯಾನೆಟ್ 1993ರ ಆಗಸ್ಟ್ 30ಕ್ಕೆ ಶುರುವಾಯಿತು. ಕನ್ನಡದಲ್ಲಿ ಉದಯ 1994ರ ಜೂನ್‌ನಲ್ಲಿ. ಹಿಂದೆಯೇ 1998ರಲ್ಲಿ ಸೂರ್ಯ, 2000ದಲ್ಲಿ ಕೈರಳಿ, ಅದೇ ವರ್ಷದ ಡಿಸೆಂಬರ್‌ನಲ್ಲಿ ಈಟಿವಿ ಕನ್ನಡ, 2006ರಲ್ಲಿ ಝೀ ಕನ್ನಡ. 2007ರಲ್ಲಿ ಏಷ್ಯಾನೆಟ್ಟಿನವರೇ ಕನ್ನಡಕ್ಕೆ ಬಂದು ಸುವರ್ಣ ಮಾಡಿದರು. ಇಲ್ಲಿನ ಕೇಬಲ್ಲಿನ ಹುಡುಗನಿಗೆ ಕನ್ನಡ ಚಾನೆಲ್ ಕೊಡಪ್ಪಾ ಅಂದರೆ "ನಿಮ್ಮ ಒಂದು ಮನೆಗೋಸ್ಕರ ಹೇಗೆ ಕೊಡೋದು ಚೇಟ್ಟಾ" ಅನ್ನುತ್ತಿದ್ದ. ನಮಗೆ ಕನ್ನಡ ಬಂದದ್ದು ಮನೆ ಮೇಲೆ ಡಿಟಿಎಚ್ ತಟ್ಟೆ ಕೂತ ಮೇಲೆಯೇ. 2004ರ ಡಿಸೆಂಬರ್‌ನಲ್ಲಿ ದೂರದರ್ಶನ ತಿಂಗಳ ಬಾಡಿಗೆಯಿಲ್ಲದ ಡಿಟಿಎಚ್ ಶುರುಮಾಡಿದಾಗ ಚಂದನ ಸಿಕ್ಕಿತು. ಮಿಕ್ಕವು ಆಮೇಲೆ ಒಂದೊಂದಾಗಿ ಬಂದವು. ಅಷ್ಟು ಕಾದು ಕನ್ನಡ ಪಡೆದೆವು. ಪಡೆಯುವ ಹೊತ್ತಿಗೆ ಹೆಸರುಗಳು ಓಡಲು ಕಲಿತಿದ್ದವು.

ಇದಕ್ಕೆ ರಿಮೋಟ್ ಕಾರಣ. ಚಾನೆಲ್ಲಿನವರ ಲೆಕ್ಕದಲ್ಲಿ ಹೆಸರು ಬರುವ ಅರ್ಧ ನಿಮಿಷ ಬಹಳ ಅಪಾಯದ ಹೊತ್ತು. ಕಥೆ ಮುಗಿಯಿತು, ನೋಡುಗನ ಹೆಬ್ಬೆಟ್ಟು ಗುಂಡಿಯ ಮೇಲೆ ಬಂತು. ಆಗ ಅವನನ್ನು ಹಿಡಿದುಕೊಳ್ಳದಿದ್ದರೆ ಮುಂದಿನ ಕಾರ್ಯಕ್ರಮಕ್ಕೆ ಅವನಿಲ್ಲ. ಅಮೆರಿಕದಲ್ಲಿ ಹೆಸರುಗಳ ಮೇಲೆ "ಮುಂದೆ ಇದು ಬರಲಿದೆ" ಅಂತ ದನಿ ಕೊಡುವುದು ಮೊದಲಿಂದ ಇತ್ತು. 1994ರಲ್ಲಿ, ನಮ್ಮಲ್ಲಿ ಉದಯ ಶುರುವಾದ ವರ್ಷವೇ, ಅಲ್ಲಿನ ಎನ್‌ಬಿಸಿ ಒಂದು ಹೆಜ್ಜೆ ಮುಂದೆ ಹೋಯಿತು. ಹೆಸರುಗಳನ್ನು ಪರದೆಯ ಬಲಗಡೆ ಮೂರನೇ ಒಂದು ಭಾಗಕ್ಕೆ ಒತ್ತಿ, ಮಿಕ್ಕ ಜಾಗದಲ್ಲಿ ಪ್ರೋಮೋ, ಚೇಷ್ಟೆ, ಚಿತ್ರೀಕರಣದ ತುಣುಕು ಹಾಕಿದರು. ಎರಡು ಕಾರ್ಯಕ್ರಮಗಳ ನಡುವೆ ಬಿರುಕೇ ಕಾಣಬಾರದು ಅನ್ನುವುದು ಅವರ ಉದ್ದೇಶ. ಬೇರೆ ಚಾನೆಲ್ಲುಗಳೂ ಅದನ್ನೇ ಹಿಡಿದವು. ನಿಧಾನವಾಗಿ ಎಲ್ಲ ಕಡೆಗೂ ಬಂತು.

ಇದನ್ನು ಮಾಡುವುದು ಧಾರಾವಾಹಿ ತಯಾರಿಸಿದವರಲ್ಲ ಅನ್ನುವುದನ್ನು ಗಮನಿಸಿ. ಅವರು ಪೂರ್ತಿ ಪರದೆಯ ಹೆಸರುಪಟ್ಟಿಯನ್ನೇ ಕೊಟ್ಟಿರುತ್ತಾರೆ. ಚಾನೆಲ್ಲಿನ ಪ್ರಸಾರ ಕೊಠಡಿಯಲ್ಲಿ ಯಂತ್ರ ಅದನ್ನು ಕುಗ್ಗಿಸುತ್ತದೆ. ಕಸುಬಿನವರ ಬಾಯಲ್ಲಿ ಅದು 'ಸ್ಕ್ವೀಜ್'. ಜಾಹೀರಾತು ಪರದೆಯ ಬದಿಗೂ ಕೆಳಕ್ಕೂ ಹಬ್ಬಿದರೆ 'ಎಲ್ ಬ್ಯಾಂಡ್', ಕೆಳಗಿನ ಪಟ್ಟಿಯಷ್ಟೇ ಆದರೆ 'ಆಸ್ಟನ್ ಬ್ಯಾಂಡ್'. ಈ ಆಸ್ಟನ್ ಅನ್ನುವುದು ಟಿವಿಯಲ್ಲಿ ಅಕ್ಷರ ಮೂಡಿಸುವ ಯಂತ್ರ ಮಾಡುತ್ತಿದ್ದ ಇಂಗ್ಲೆಂಡಿನ ಕಂಪನಿಯ ಹೆಸರು. ಹೆಸರು ಬರೆಯಲು ಹುಟ್ಟಿದ ಯಂತ್ರದ ಹೆಸರು ಕೊನೆಗೆ ಜಾಹೀರಾತು ಪಟ್ಟಿಗೆ ಅಂಟಿಕೊಂಡಿತು ನೋಡಿ.

ಇಂಗ್ಲಿಷ್ ಅಕ್ಷರಕ್ಕಿಂತ ನಮ್ಮ ಅಕ್ಷರಕ್ಕೆ ಇದರಿಂದ ಪೆಟ್ಟು ಜಾಸ್ತಿ. ಲೆಕ್ಕ ಹಾಕಿ ಹೇಳುತ್ತೇನೆ. ಹಳೆಯ ಟಿವಿ ಚಿತ್ರದಲ್ಲಿ ಕಣ್ಣಿಗೆ ಕಾಣುವ ಗೆರೆಗಳು 576. ಚಿತ್ರವನ್ನು ಮೂರನೇ ಒಂದಕ್ಕೆ ಇಳಿಸಿದರೆ ಉಳಿಯುವುದು 192. ಮೊದಲು ಒಂದು ಹೆಸರಿನ ಎತ್ತರ 30 ಗೆರೆ ಇತ್ತು ಅಂದುಕೊಳ್ಳಿ, ಈಗ 10. ಆ ಹತ್ತರಲ್ಲೇ ಮೇಲಿನ ಗುಡಿಸು, ನಡುವಿನ ಅಕ್ಷರ, ಕೆಳಗಿನ ಒತ್ತು ಎಲ್ಲ ಹಿಡಿಯಬೇಕು. ಲಕ್ಷ್ಮಿಯ ಒತ್ತುಗಳಿಗೆ ಮೂರು ಗೆರೆ ಸಿಕ್ಕರೆ ಅವಳ ಪುಣ್ಯ. ಮಹಾಪ್ರಾಣದ ಸೀಳಂತೂ ಮೊದಲೇ ಹೋಗುತ್ತದೆ. ಭಟ್ಟರು ಬಟ್ಟರಾಗುತ್ತಾರೆ, ಧನಂಜಯ ದನಂಜಯ ಆಗುತ್ತಾನೆ. ಈಗಿನ ಎಚ್‌ಡಿ ಚಿತ್ರದಲ್ಲಿ ಗೆರೆ ಹೆಚ್ಚಿವೆ, ನಿಜ. ಆದರೆ ಓಡುವ ವೇಗವೂ ಹೆಚ್ಚಿದೆ. ಓದುವ ಕಣ್ಣಿಗಂತೂ ವಯಸ್ಸಾಗಿದೆ.

ಕಾನೂನು ಏನೂ ಹೇಳುವುದಿಲ್ಲವೇ? ಹೇಳುತ್ತದೆ, ಆದರೆ ಬೇರೆ ಮಾತು. ಕೇಬಲ್ ಟಿವಿ ನಿಯಮಗಳ ಪ್ರಕಾರ ಗಂಟೆಗೆ 12 ನಿಮಿಷಕ್ಕಿಂತ ಹೆಚ್ಚು ಜಾಹೀರಾತು ಇರಕೂಡದು. ಅದರಲ್ಲಿ 10 ನಿಮಿಷ ವ್ಯಾಪಾರದ ಜಾಹೀರಾತಿಗೆ, 2 ನಿಮಿಷ ಚಾನೆಲ್ಲಿನ ಸ್ವಂತ ಪ್ರಚಾರಕ್ಕೆ. ಪರದೆಯ ಕೆಳಭಾಗದಲ್ಲಿ ಪಟ್ಟಿ ಓಡಿಸಿ ಜಾಹೀರಾತು ಕಾರ್ಯಕ್ರಮಕ್ಕೆ ಅಡ್ಡ ಬರಕೂಡದು ಅಂತಲೂ ಇದೆ. 2012ರಲ್ಲಿ ಟ್ರಾಯ್ ಇನ್ನೂ ಮುಂದೆ ಹೋಗಿ, ಜಾಹೀರಾತು ಹಾಕುವುದಾದರೆ ಪೂರ್ತಿ ಪರದೆಯಲ್ಲೇ ಹಾಕಿ, ತುಂಡು ಪರದೆ ಬೇಡ ಅಂತ ನಿಬಂಧನೆ ತಂದಿತು. ಚಾನೆಲ್ಲುಗಳು ವಿರೋಧಿಸಿದವು. 2013ರ ತಿದ್ದುಪಡಿಯಲ್ಲಿ ಆ ಮಾತು ಬಿಟ್ಟುಹೋಗಿ ನಿಮಿಷದ ಮಿತಿಯಷ್ಟೇ ಉಳಿಯಿತು. ಇದೆಲ್ಲ ನೋಡುಗನ ಕಿರಿಕಿರಿಯ ವಿಷಯ. ಹೆಸರುಗಳು ಇಷ್ಟು ಹೊತ್ತು, ಓದುವಷ್ಟು ದೊಡ್ಡದಾಗಿ ಇರಲಿ ಅಂತ ಅಲ್ಲಿ ಎಲ್ಲೂ ಇಲ್ಲ.

ಆದರೆ ಅದೇ 2012ರಲ್ಲಿ ಕೃತಿಸ್ವಾಮ್ಯ ಕಾಯ್ದೆಗೂ ಒಂದು ತಿದ್ದುಪಡಿ ಬಂತು. ಚಿತ್ರದಲ್ಲಿ ಯಾರ ಅಭಿನಯ ಹೀಗೆ ಬಂದು ಹಾಗೆ ಹೋಗುವಂಥದೋ, ಉದ್ಯಮದ ರೂಢಿಯಂತೆ ಯಾರ ಹೆಸರು ಪಟ್ಟಿಯಲ್ಲೂ ಸೇರಿ ಎಲ್ಲೂ ಬರುವುದಿಲ್ಲವೋ, ಅವರನ್ನು ಒಂದು ಸಣ್ಣ ವಿನಾಯಿತಿ ಬಿಟ್ಟರೆ ಕಲಾವಿದರೆಂದು ಲೆಕ್ಕಕ್ಕೆ ಹಿಡಿಯುವುದಿಲ್ಲ ಅಂತ ಅದರಲ್ಲಿದೆ. ಕಾಯ್ದೆಯ ಭಾಷೆಯಲ್ಲಿ ಸಿನಿಮಾ ಅಂದರೆ ಯಾವುದೇ ದೃಶ್ಯಮುದ್ರಣ, ಧಾರಾವಾಹಿಯೂ ಬಂತು. ಓದಿ ಸ್ವಲ್ಪ ಹೊತ್ತು ಸುಮ್ಮನಾದೆ. ನಾವು ನೀರು ಕುಡಿಯಲು ಎದ್ದು ಹೋಗುವ ಹೊತ್ತಿನಲ್ಲಿ ಓಡುವ ಪಟ್ಟಿ ಕಾನೂನಿನ ಕಣ್ಣಿಗೆ ಬಿದ್ದಿದೆ. ಕುಗ್ಗಿದ ಮಾತ್ರಕ್ಕೆ ಹೆಸರು ಇಲ್ಲವೆಂದಾಗುವುದಿಲ್ಲ, ಒಪ್ಪಿದೆ. ಆದರೆ ಓದಲಾಗದ ಪಟ್ಟಿಯಿಂದ ಒಂದು ಹೆಸರು ಬಿಟ್ಟರೆ ಯಾರಿಗೆ ಗೊತ್ತಾಗುತ್ತದೆ, ನೀವೇ ಹೇಳಿ.

ಹೆಸರು ಹಾಕುವುದನ್ನು ನಮಗೆ ಟಿವಿ ಕಲಿಸಿದ್ದೇನೂ ಅಲ್ಲ. ನಮ್ಮ ಎಷ್ಟೋ ಶಾಸನಗಳ ಕೊನೆಯಲ್ಲಿ ಬರೆದವನ ಹೆಸರು, ಕೆತ್ತಿದವನ ಹೆಸರು ಇರುತ್ತದೆ. ಬೇಲೂರಿನ ಚೆನ್ನಕೇಶವ ದೇವಾಲಯ 1117ರದು. ಅಲ್ಲಿನ ಮದನಿಕೆಗಳ ಕೆಳಗೆ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಹೆಸರು ಕೆತ್ತಿಕೊಂಡಿದ್ದಾರೆ, ಊರಿನ ಹೆಸರಿನ ಸಮೇತ. ಸೋಮನಾಥಪುರದಲ್ಲಿ ಮಲ್ಲಿತಮ್ಮನ ಸಹಿ ಇದೆ. ನಾವೋ, ಕಲ್ಲಲ್ಲಿದ್ದ ಹೆಸರು ಓದುವುದು ಬಿಟ್ಟು ಕಥೆಯ ಜಕಣಾಚಾರಿಗೆ ಎಲ್ಲ ದೇವಸ್ಥಾನಗಳನ್ನೂ ಒಪ್ಪಿಸಿದೆವು. ಪ್ರೋಮೋ ಇಲ್ಲದ ಕಾಲದಲ್ಲೂ ನಾವು ಕೆಳಗಿನ ಸಾಲು ಓದುವವರಲ್ಲ. ಹಾಗಾಗಿ ಪೂರ್ತಿ ತಪ್ಪನ್ನು ಚಾನೆಲ್ಲಿನವರ ತಲೆಗೆ ಕಟ್ಟಲು ನನಗೆ ಮನಸ್ಸು ಬರುವುದಿಲ್ಲ.

ಜಗಳ ಮಾಡಿದರೆ ನಡೆಯುವುದೂ ಉಂಟು. 2010ರ ಏಪ್ರಿಲ್‌ನಲ್ಲಿ ಬಿಬಿಸಿ 'ಡಾಕ್ಟರ್ ಹೂ' ಕಂತಿನ ಕೊನೆಯ ರೋಚಕ ಗಳಿಗೆಯಲ್ಲೇ ಮುಂದಿನ ಕಾರ್ಯಕ್ರಮದ ನಿರೂಪಕನ ಕಾರ್ಟೂನನ್ನು ಪರದೆಯ ಕೆಳಗೆ ಕುಣಿಸಿತು. ಐದು ಸಾವಿರಕ್ಕಿಂತ ಹೆಚ್ಚು ದೂರು ಬಂದವು, ಬಿಬಿಸಿ ಕ್ಷಮೆ ಕೇಳಿತು. ಆದರೆ ಗಮನಿಸಿ, ಅಲ್ಲಿ ಜನ ಸಿಟ್ಟಾದದ್ದು ಕಥೆಗೆ ಅಡ್ಡ ಬಂದದ್ದಕ್ಕೆ.

ಈಗ ಮೊಬೈಲಿನಲ್ಲಿ ನೋಡುವ ಕಾಲ. ನೆಟ್‌ಫ್ಲಿಕ್ಸ್ 2012ರಲ್ಲಿ ಮುಂದಿನ ಕಂತು ತಾನಾಗಿ ಶುರುವಾಗುವ ಏರ್ಪಾಡು ತಂದಿತು. 2017ರಲ್ಲಿ ಮುಂದಿನ ಹೆಸರುಗಳನ್ನೂ ಹಾರಿಸುವ ಗುಂಡಿ ಕೊಟ್ಟಿತು. ಎರಡೂ ತುದಿ ಮುಗಿದ ಹಾಗಾಯಿತು. ಅಲ್ಲಿ ಒಂದು ಸಮಾಧಾನವೂ ಇದೆ. ಬೇಕಾದವನು ನಿಲ್ಲಿಸಿ, ಹಿಂದಕ್ಕೆ ಎಳೆದು ಓದಬಹುದು. ಬೇಕು ಅನ್ನಿಸಬೇಕು, ಅಷ್ಟೇ.

ನನಗೆ ಬೇಕಿತ್ತು. ನಿನ್ನೆ ಮಗಳ ಕೈಲಿ ಆ ಕಂತನ್ನು ಮೊಬೈಲಿನಲ್ಲಿ ಹುಡುಕಿಸಿ, ಕೊನೆಗೆ ಹೋಗಿ ನಿಲ್ಲಿಸಿದೆ. ಅಲ್ಲಿ ಪ್ರೋಮೋ ಇರಲಿಲ್ಲ, ಪಟ್ಟಿ ಪೂರ್ತಿ ಪರದೆಯಲ್ಲಿತ್ತು. ಸಂಕಲನಕಾರರ ಹೆಸರಿನ ಕೆಳಗೆ 'ಸಹಾಯ', ಅದರ ಮುಂದೆ ಮೂರನೆಯದು ನಮ್ಮ ಹುಡುಗನದು. ಅವನ ಹೆಸರಿನಲ್ಲೊಂದು 'ಭ' ಇದೆ. ಬೆರಳಿನಿಂದ ದೊಡ್ಡದು ಮಾಡಿ ನೋಡಿದೆ. ಸೀಳು ಇರಲಿಲ್ಲ, 'ಬ' ಅಂತಲೇ ಇತ್ತು. ಇದು ಕುಗ್ಗಿಸಿದ್ದರಿಂದ ಆದದ್ದಲ್ಲ, ಟೈಪು ಮಾಡಿದವರೇ ಹಾಗೆ ಮಾಡಿದ್ದಾರೆ.

ತಂಗಿಗೆ ಫೋನ್ ಮಾಡಿ ಈ ಸಲ ನಿಜವಾಗಿ "ಕಂಡಿತು" ಅಂದೆ. ಹುಡುಗನಿಗೆ ಮಾತ್ರ 'ಭ'ದ ವಿಷಯ ಬರೆದು ಕಳಿಸಿದೆ. ಒಂದು ಗಂಟೆ ಬಿಟ್ಟು ಉತ್ತರ ಬಂತು: "ಮಾವ, ಇಷ್ಟು ದಿನದಲ್ಲಿ ಅದನ್ನು ಓದಿದವರು ನೀವೊಬ್ಬರೇ. ನಾಳೆ ಸರಿ ಮಾಡಿಸ್ತೀನಿ."

ನಾಳೆಯ ಕಂತಿಗೂ ಕೂರಬೇಕು.