ಹಕ್ಕಿಯ ಪಕ್ಕದ ಎರಡು ದೀಪ

ಮಗನ ಹಳೆಯ ಕೆಂಪು ಜೆರ್ಸಿಯನ್ನು ಒಗೆದು ಹರವುವಾಗ ಅದರ ಲಾಂಛನ ಕಣ್ಣಿಗೆ ಬಿತ್ತು. ನಡುವೆ ಕೊಕ್ಕಿನಲ್ಲಿ ಕಡಲಪಾಚಿಯ ಎಸಳು ಹಿಡಿದ ಹಕ್ಕಿ, ಎರಡೂ ಬದಿಗೆ ಉರಿಯುವ ಜ್ವಾಲೆ. ಹಕ್ಕಿ ಇಂಗ್ಲೆಂಡಿನ ಲಿವರ್‌ಪೂಲ್ ನಗರದ ಗುರುತು. 1892ರಲ್ಲಿ ಹುಟ್ಟಿದ ಅಲ್ಲಿನ ಫುಟ್‌ಬಾಲ್ ಕ್ಲಬ್ಬು ತನ್ನ ಊರಿನಿಂದಲೇ ಅದನ್ನು ಪಡೆಯಿತು.

ಜ್ವಾಲೆಗಳ ಕತೆ ಬೇರೆ. 1989ರ ಏಪ್ರಿಲ್ 15ರಂದು ಶೆಫೀಲ್ಡಿನ ಹಿಲ್ಸ್‌ಬರೋ ಕ್ರೀಡಾಂಗಣಕ್ಕೆ ಪಂದ್ಯ ನೋಡಲು ಹೋದ ಈ ಕ್ಲಬ್ಬಿನ ಅಭಿಮಾನಿಗಳು ಬೇಲಿಯೊಳಗೆ ಇಕ್ಕಟ್ಟಿಗೆ ಸಿಕ್ಕಿ ನಜ್ಜುಗುಜ್ಜಾದರು. ಸತ್ತವರು 97 ಮಂದಿ. ಅವರಲ್ಲಿ ಕೊನೆಯವರು ತೀರಿಕೊಂಡದ್ದು 2021ರಲ್ಲಿ. ಅವರ ನೆನಪಿಗೆಂದೇ 1993ರಲ್ಲಿ ಲಾಂಛನಕ್ಕೆ ಜ್ವಾಲೆಗಳು ಬಂದವು.

ಪೊಲೀಸರು ತಪ್ಪನ್ನು ಅಭಿಮಾನಿಗಳ ಮೇಲೇ ಹೊರಿಸಿದ್ದರು. 1991ರ ವಿಚಾರಣೆ ‘ಆಕಸ್ಮಿಕ ಸಾವು’ ಎಂದಿತು. 15 ವರ್ಷದ ಕೆವಿನ್‌ನ ತಾಯಿ ಆನ್ ವಿಲಿಯಮ್ಸ್ ಅದನ್ನು ಒಪ್ಪಲಿಲ್ಲ, ವರ್ಷಗಟ್ಟಲೆ ಹೋರಾಡಿದರು. 2012ರಲ್ಲಿ ಆ ತೀರ್ಪು ರದ್ದಾಯಿತು. ಮರುವರ್ಷವೇ ಆಕೆ ಕಣ್ಣುಮುಚ್ಚಿದರು. ಅದು ಕಾನೂನುಬಾಹಿರ ಹತ್ಯೆಯೆಂದು ತೀರ್ಪುಗಾರರು ಹೇಳಿದ್ದು 2016ರಲ್ಲಿ.

ದಿನವೂ ದೇವರ ಮುಂದೆ ದೀಪ ಹಚ್ಚುವ ನಮಗೆ ಗೊತ್ತು, ಯಾವ ದೀಪವೂ ತಾನಾಗಿ ಉರಿಯುತ್ತಿರುವುದಿಲ್ಲ. ಈ ಜ್ವಾಲೆಗಳಿಗೆ 27 ವರ್ಷ ಎಣ್ಣೆ ಎರೆದವರು ಇಂಥ ತಾಯಂದಿರು. ಜೆರ್ಸಿಯನ್ನು ಬಿಸಿಲಿನಿಂದ ತೆಗೆದು ನೆರಳಿಗೆ ಹಾಕಿದೆ, ಬಣ್ಣ ಮಾಸದಿರಲಿ ಎಂದು.