ಶೂನ್ಯದ ಆಚೀಚೆ: ಮೇಪಲ್ ಸಿರಪ್ ಉತ್ಪಾದನೆ ಮತ್ತು ಬದಲಾಗುತ್ತಿರುವ ಹವಾಮಾನ

ಮೇಪಲ್ ಮರದ ರಸವನ್ನು ಕುದಿಸಿ ಇಂಗಿಸಿದರೆ ಸಿಗುವ ಸಿಹಿ ಪಾಕವೇ ಮೇಪಲ್ ಸಿರಪ್. ಜಗತ್ತಿನ ಮೇಪಲ್ ಸಿರಪ್ಪಿನಲ್ಲಿ ಸುಮಾರು ಶೇ. 70ರಷ್ಟು ಬರುವುದು ಕೆನಡಾದ ಕ್ವಿಬೆಕ್ ಪ್ರಾಂತ್ಯದಿಂದ. ಅಲ್ಲಿನ ಉತ್ಪಾದಕರ ಸಂಘದ ಲೆಕ್ಕದಂತೆ 2020ರಲ್ಲಿ 17.5 ಕೋಟಿ ಪೌಂಡ್ ಇದ್ದ ಉತ್ಪಾದನೆ ಮರುವರ್ಷ 13.3 ಕೋಟಿಗೆ ಕುಸಿಯಿತು. 2022ರಲ್ಲಿ 21.1 ಕೋಟಿಗೆ ಏರಿ, 2023ರಲ್ಲಿ 12.4 ಕೋಟಿಗೆ ಬಿದ್ದು, 2024ರಲ್ಲಿ 23.9 ಕೋಟಿ ಮುಟ್ಟಿತು. ಏರಿದ ವರ್ಷವನ್ನು ತೋರಿಸಿ ಮೇಪಲ್ಲಿಗೆ ಏನೂ ಆಗಿಲ್ಲವೆಂದು ವಾದಿಸಬಹುದು, ಬಿದ್ದ ವರ್ಷವನ್ನು ತೋರಿಸಿ ಎಲ್ಲವೂ ಮುಗಿಯಿತೆಂದೂ ವಾದಿಸಬಹುದು. ಎರಡೂ ಸರಿಯಲ್ಲ ಎಂಬುದು ಈ ಲೇಖನದ ನಿಲುವು. ಒಟ್ಟು ಉತ್ಪಾದನೆಯ ಅಂಕಿಯಲ್ಲಿ ಹವಾಮಾನದ ಜೊತೆಗೆ ಪಂಪು, ಕೊಳವೆ, ಹೊಸದಾಗಿ ಕೊರೆದ ಮರಗಳ ಸಂಖ್ಯೆ ಎಲ್ಲವೂ ಬೆರೆತಿವೆ. ಹವಾಮಾನದ ಪಾತ್ರವನ್ನು ಬೇರ್ಪಡಿಸಿ ನೋಡಬೇಕಾದರೆ ಮರದೊಳಗೆ ಏನು ನಡೆಯುತ್ತದೆ ಎಂಬಲ್ಲಿಂದಲೇ ಆರಂಭಿಸಬೇಕು.

ಸಕ್ಕರೆ ಮೇಪಲ್ ಮರದ ರಸ ಹರಿಯುವುದು ಚಳಿಗಾಲ ಮುಗಿಯುತ್ತಾ ಬಂದಾಗ, ಮೊಗ್ಗು ಒಡೆಯುವ ಮುನ್ನ. ಅದಕ್ಕೆ ರಾತ್ರಿಯ ಉಷ್ಣತೆ ಶೂನ್ಯ ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿಯಬೇಕು, ಹಗಲಿನದು ಮೇಲೇರಬೇಕು. ಇದರ ಕಾರಣವನ್ನು ಕುರಿತು 1984ರಲ್ಲಿ ಸಂಶೋಧಕರಾದ ಮಿಲ್ಬರ್ನ್ ಮತ್ತು ಓಮ್ಯಾಲಿ ಮುಂದಿಟ್ಟ ವಿವರಣೆಯೇ ಇಂದಿನ ತಿಳಿವಳಿಕೆಗೆ ತಳಹದಿ. ಮೇಪಲ್ ಕಾಂಡದ ನಾರುಕೋಶಗಳಲ್ಲಿ ನೀರಿನ ಬದಲು ಅನಿಲ ತುಂಬಿರುತ್ತದೆ. ರಾತ್ರಿ ಆ ಕೋಶಗಳ ಒಳಗೋಡೆಗೆ ಹಿಮ ಕಟ್ಟುತ್ತದೆ, ಅನಿಲ ಒತ್ತಿಕೊಳ್ಳುತ್ತದೆ, ಬೇರಿನಿಂದ ನೀರು ಮೇಲಕ್ಕೆ ಸೆಳೆಯಲ್ಪಡುತ್ತದೆ. ಹಗಲು ಹಿಮ ಕರಗಿದಾಗ ಅನಿಲ ಹಿಗ್ಗಿ ರಸವನ್ನು ನಾಳಗಳಿಗೆ ನೂಕುತ್ತದೆ. ಕಾಂಡಕ್ಕೆ ರಂಧ್ರ ಕೊರೆದಿದ್ದರೆ ಆ ಒತ್ತಡದಿಂದ ರಸ ಹೊರಬರುತ್ತದೆ. ಮತ್ತೆ ಹೆಪ್ಪುಗಟ್ಟದ ಹೊರತು ಒತ್ತಡ ಮರುಕಳಿಸದು. ಸತತ ಚಳಿಯಲ್ಲಿ ರಸ ಹರಿಯುವುದಿಲ್ಲ, ಸತತ ಬೆಚ್ಚಗಿನ ದಿನಗಳಲ್ಲೂ ಬಹುಬೇಗ ನಿಂತುಹೋಗುತ್ತದೆ. ಆದ್ದರಿಂದ ಸರಾಸರಿ ಉಷ್ಣತೆ ಎಷ್ಟು ಏರಿತು ಎಂಬುದಕ್ಕಿಂತ, ಶೂನ್ಯದ ಗೆರೆಯನ್ನು ಅದು ಎಷ್ಟು ಸಲ, ಯಾವ ತಿಂಗಳಲ್ಲಿ ದಾಟುತ್ತದೆ ಎಂಬುದೇ ಇಲ್ಲಿ ಮುಖ್ಯ.

ಜೋಶುವಾ ರ‍್ಯಾಪ್ ಮತ್ತು ಸಂಗಡಿಗರು ವರ್ಜೀನಿಯಾದಿಂದ ಕ್ವಿಬೆಕ್‌ವರೆಗಿನ ಆರು ತಾಣಗಳಲ್ಲಿ ಅಳೆದು 2019ರಲ್ಲಿ ಪ್ರಕಟಿಸಿದ ಅಧ್ಯಯನ ಈ ಮಾತಿಗೆ ಬಲ ಕೊಡುತ್ತದೆ. ಜನವರಿಯಿಂದ ಮೇವರೆಗಿನ ಸರಾಸರಿ ಉಷ್ಣತೆ 1 ಡಿಗ್ರಿಯ ಆಸುಪಾಸಿನಲ್ಲಿರುವಾಗ ಒಂದು ರಂಧ್ರದಿಂದ ಸಿಗುವ ರಸ ಅತಿ ಹೆಚ್ಚು. ಈಗ ಸುಮಾರು 43ನೇ ಅಕ್ಷಾಂಶದಲ್ಲಿರುವ ಈ ಸಮೃದ್ಧ ವಲಯ ಶತಮಾನದ ಕೊನೆಗೆ 48ನೇ ಅಕ್ಷಾಂಶದತ್ತ ಸರಿಯಬಹುದು, ಋತು ಒಂದು ತಿಂಗಳಷ್ಟು ಮುಂಚೆ ಬರಬಹುದು ಎಂದು ಅವರ ಅಂದಾಜು. ಅಂದರೆ ಒಂದೇ ತಾಪಮಾನ ಏರಿಕೆ ವರ್ಜೀನಿಯಾದವರಿಗೆ ನಷ್ಟ, ಉತ್ತರದಂಚಿನ ಕ್ವಿಬೆಕ್‌ನವರಿಗೆ ಕೆಲಕಾಲ ಲಾಭ. ‘ಮೇಪಲ್ಲಿಗೆ ಹಾನಿಯೇ?’ ಎಂಬ ಪ್ರಶ್ನೆಗೆ ಊರಿನ ಹೆಸರು ಹೇಳದೆ ಉತ್ತರ ಕೊಡಲಾಗದು.

ಅದೇ ಅಧ್ಯಯನದಲ್ಲಿ ನನಗೆ ಇನ್ನೂ ಮಹತ್ವದ್ದೆನಿಸಿದ ಫಲಿತಾಂಶವೊಂದಿದೆ. ಹಿಂದಿನ ವರ್ಷದ ಮೇಯಿಂದ ಅಕ್ಟೋಬರ್‌ವರೆಗಿನ ಸರಾಸರಿ ಉಷ್ಣತೆ 1 ಡಿಗ್ರಿ ಏರಿದರೆ ರಸದ ಸಕ್ಕರೆಯ ಪ್ರಮಾಣ 0.1 ಬ್ರಿಕ್ಸ್‌ನಷ್ಟು (ಬ್ರಿಕ್ಸ್ ಎಂದರೆ ದ್ರವದ ತೂಕದಲ್ಲಿ ಸಕ್ಕರೆಯ ಶೇಕಡಾವಾರು) ಇಳಿಯುತ್ತದೆ. ಅಲ್ಪವೆನಿಸುವ ಇಳಿಕೆ; ಆದರೆ ಮೇಪಲ್ ರಸದಲ್ಲಿ ಸಕ್ಕರೆ ಇರುವುದೇ ಶೇ. 2ರಷ್ಟು. ವರ್ಮಾಂಟಿನ ಸಿ. ಎಚ್. ಜೋನ್ಸ್ ಅವರ ಹಳೆಯ ಸೂತ್ರವೊಂದಿದೆ: 86ನ್ನು ಸಕ್ಕರೆಯ ಶೇಕಡಾವಾರಿನಿಂದ ಭಾಗಿಸಿದರೆ ಒಂದು ಗ್ಯಾಲನ್ ಸಿರಪ್ಪಿಗೆ ಎಷ್ಟು ಗ್ಯಾಲನ್ ರಸ ಬೇಕೆಂದು ತಿಳಿಯುತ್ತದೆ. ಶೇ. 2ಕ್ಕೆ 43 ಗ್ಯಾಲನ್. ಬೇಸಿಗೆ 2 ಡಿಗ್ರಿ ಬಿಸಿಯಾಗಿ ಸಕ್ಕರೆ ಶೇ. 1.8ಕ್ಕೆ ಇಳಿದರೆ ಸುಮಾರು 48 ಗ್ಯಾಲನ್. ಆಲೆಮನೆಯ ಕೊಪ್ಪರಿಗೆಯಂತೆ ಇಲ್ಲೂ ಸೌದೆಯ ಖರ್ಚು ರಸದ ನೀರನ್ನು ಇಂಗಿಸುವುದಕ್ಕೇ ಹೋಗುತ್ತದೆ.

ಋತು ಮುಂಚೆ ಬಂದರೆ ರಂಧ್ರವನ್ನೂ ಮುಂಚೆ ಕೊರೆಯಬಹುದಲ್ಲ ಎಂಬುದು ಸಹಜ ಪ್ರಶ್ನೆ. ಸಂಶೋಧಕರಾದ ಸ್ಕಿನ್ನರ್, ಡಿಗೇಟಾನೊ ಮತ್ತು ಶಾಬೊ 2010ರಲ್ಲಿ ಕೊಟ್ಟ ಉತ್ತರವೂ ಬಹುಮಟ್ಟಿಗೆ ಅದೇ: ಹಾಗೆ ಮಾಡಿದರೆ ಅಮೆರಿಕದ ಈಶಾನ್ಯ ಭಾಗದ ಉತ್ತರದಲ್ಲಿ ರಸ ಹರಿಯುವ ದಿನಗಳು ಹೆಚ್ಚೇನೂ ಕಡಿಮೆಯಾಗವು, ಪೆನ್ಸಿಲ್ವೇನಿಯಾದ ಕಡೆ ಕಡಿಮೆಯಾಗುತ್ತವೆ. ಆದರೆ ಮುಂಚೆ ಕೊರೆದರೆ ಗಾಯವೂ ಮುಂಚೆಯೇ ಹಳತಾಗುತ್ತದೆ: ಕೊರೆದ ಗಾಯದಲ್ಲಿ ಸೂಕ್ಷ್ಮಜೀವಿಗಳು ಬೆಳೆದು, ಮರ ತನ್ನ ಗಾಯವನ್ನು ಮುಚ್ಚಿಕೊಳ್ಳುತ್ತಾ ಹೋದಂತೆ ಹರಿವು ಕುಗ್ಗುತ್ತದೆ. ಋತುವಿನ ಇನ್ನೊಂದು ಕೊನೆಯಲ್ಲಿ ಮೊಗ್ಗು ಉಬ್ಬಿದರೆ ರಸದ ರಾಸಾಯನಿಕ ಗುಣವೇ ಬದಲಾಗಿ ಸಿರಪ್ಪಿಗೆ ಕೆಟ್ಟ ರುಚಿ ಬರುತ್ತದೆ. ಫೆಬ್ರವರಿಯಲ್ಲೇ ಒಂದು ವಾರ ಬಿಸಿಲು ಕಾದು ಮತ್ತೆ ಚಳಿ ಕವಿಯುವ ವರ್ಷಗಳಲ್ಲಿ ಯಾವಾಗ ಕೊರೆಯಬೇಕೆಂಬ ನಿರ್ಧಾರವೇ ಜೂಜಾಗುತ್ತದೆ.

ಈ ಏರಿಳಿತವನ್ನು ಪೇಟೆಯವರ ಕಣ್ಣಿಂದ ಮರೆಮಾಡಿರುವುದು ತಂತ್ರಜ್ಞಾನ ಮತ್ತು ದಾಸ್ತಾನು. ನಿರ್ವಾತ ಪಂಪಿಗೆ ಜೋಡಿಸಿದ ಪ್ಲಾಸ್ಟಿಕ್ ಕೊಳವೆಗಳು ಮರದ ಒತ್ತಡ ಸಾಲದ ದಿನಗಳಲ್ಲೂ ರಸ ಎಳೆಯುತ್ತವೆ. ರಿವರ್ಸ್ ಆಸ್ಮೋಸಿಸ್ ಯಂತ್ರ ಕುದಿಸುವ ಮೊದಲೇ ನೀರು ತೆಗೆಯುತ್ತದೆ. ಕ್ವಿಬೆಕ್ ಸಂಘವು 2000ದಲ್ಲಿ ಕಟ್ಟಿದ ದಾಸ್ತಾನಿನಿಂದ 2021ರಲ್ಲಿ ಸುಮಾರು 5 ಕೋಟಿ ಪೌಂಡ್ ಹೊರಬಂತು. 2024ರ ಆರಂಭಕ್ಕೆ ಅಲ್ಲಿ ಉಳಿದದ್ದು 69 ಲಕ್ಷ ಪೌಂಡ್ ಮಾತ್ರ. ಬಕೆಟ್ ತೂಗುಹಾಕಿ ರಸ ಕೂಡಿಸುವ ಸಣ್ಣ ಹಿಡುವಳಿದಾರರಿಗೆ ಈ ಯಾವ ರಕ್ಷಣೆಯೂ ಇಲ್ಲ.

ಪಂಪು ಎಷ್ಟೇ ಬಲವಾಗಿದ್ದರೂ ಬೇರನ್ನು ಉಳಿಸಲಾರದು. ಚಳಿಗಾಲ ಬೆಚ್ಚಗಾದರೆ ನೆಲದ ಮೇಲಿನ ಹಿಮದ ಹೊದಿಕೆ ತೆಳುವಾಗಿ, ವಿಚಿತ್ರವೆಂಬಂತೆ ಮಣ್ಣು ಮೊದಲಿಗಿಂತ ಆಳವಾಗಿ ಹೆಪ್ಪುಗಟ್ಟುತ್ತದೆ. ನ್ಯೂ ಹ್ಯಾಂಪ್‌ಷೈರಿನ ಹಬರ್ಡ್ ಬ್ರೂಕ್ ಪ್ರಾಯೋಗಿಕ ಅರಣ್ಯದಲ್ಲಿ ಚಳಿಗಾಲದ ಆರಂಭದ ಹಿಮವನ್ನು ಗೋರಿ ತೆಗೆದಾಗ ಸಕ್ಕರೆ ಮೇಪಲ್ಲಿನ ಬೆಳವಣಿಗೆ ಎರಡೇ ವರ್ಷಗಳಲ್ಲಿ ಶೇ. 40ರಷ್ಟು ಕುಗ್ಗಿತೆಂದು ಪಮೇಲಾ ಟೆಂಪ್ಲರ್ ಅವರ ತಂಡ 2018ರಲ್ಲಿ ವರದಿ ಮಾಡಿತು. ಆಮ್ಲಮಳೆ ಕ್ಯಾಲ್ಸಿಯಂ ತೊಳೆದುಹಾಕಿದ ಮಣ್ಣಿನಲ್ಲಿ ಈ ಪೆಟ್ಟು ಇನ್ನೂ ಜೋರು. ಅದೇ ಅರಣ್ಯದ ಒಂದು ಜಲಾನಯನಕ್ಕೆ 1999ರಲ್ಲಿ ಕ್ಯಾಲ್ಸಿಯಂ ಸಿಲಿಕೇಟ್ ಚೆಲ್ಲಿದಾಗ ಮೇಪಲ್ಲುಗಳು ಚೇತರಿಸಿಕೊಂಡವು. ನನ್ನ ದೃಷ್ಟಿಯಲ್ಲಿ ಮುಂದಿನ ಅಧ್ಯಯನಗಳು ಸಿರಪ್ಪಿನ ತೂಕಕ್ಕಿಂತ ಹೆಚ್ಚಾಗಿ ಕೂಡಿಡಬೇಕಾದ ಲೆಕ್ಕ ಇದು: ಹಿಮದ ದಪ್ಪ, ಬೇರಿನ ಸ್ಥಿತಿ, ಪಂಪಿಲ್ಲದೆ ಒಂದು ರಂಧ್ರ ಕೊಡುವ ರಸ.

ವಲಯ ಉತ್ತರಕ್ಕೆ ಸರಿಯುತ್ತದೆ ಎಂಬ ಮಾತನ್ನೂ ಎಚ್ಚರದಿಂದ ಆಡಬೇಕು. ಸರಿಯುವುದು ಹವೆ, ಮರವಲ್ಲ. ಸಸಿಯೊಂದು ಕೊರೆಯುವಷ್ಟು ದಪ್ಪವಾಗಲು ಮೂರು ನಾಲ್ಕು ದಶಕ ಬೇಕು, ಉತ್ತರದ ಕೆನಡಾ ಶಿಲಾವಲಯದ ತೆಳುವಾದ ಆಮ್ಲೀಯ ಮಣ್ಣು ಮೇಪಲ್ಲಿಗೆ ಒಗ್ಗುವಂಥದ್ದಲ್ಲ. ಯುರೋಪಿಯನ್ನರಿಗಿಂತ ಬಹಳ ಹಿಂದಿನಿಂದ ಮೇಪಲ್ ಸಕ್ಕರೆ ಮಾಡುತ್ತಾ ಬಂದ ಮೂಲನಿವಾಸಿ ಓಜಿಬ್ವೆ ಜನರಿಗೆ ತೊಡಕು ಇನ್ನೂ ಕಠಿಣ. ವಿಸ್ಕಾನ್ಸಿನ್, ಮಿನಿಸೋಟ, ಮಿಶಿಗನ್‌ಗಳಲ್ಲಿ ಅಮೆರಿಕ ಸರ್ಕಾರಕ್ಕೆ ಬಿಟ್ಟುಕೊಟ್ಟ ನೆಲದ ಮೇಲೆ ಅವರು ಉಳಿಸಿಕೊಂಡ ಬೇಟೆ ಮತ್ತು ಸಂಗ್ರಹದ ಹಕ್ಕುಗಳು 1837 ಮತ್ತು 1842ರ ಒಪ್ಪಂದಗಳ ಗಡಿಯೊಳಗಿನವು. ಮೇಪಲ್ಲಿಗೆ ಒಗ್ಗುವ ಹವೆ ಆ ಗಡಿಯಾಚೆಗೆ ಸರಿದರೆ ಒಪ್ಪಂದದ ಹಕ್ಕು ಅದರ ಬೆನ್ನು ಹತ್ತಿ ಹೋಗುವುದಿಲ್ಲ.