99 ಗಜಗಳ ಆಚೆ

ಅಮೆರಿಕದ ಕೊರ್ವಾಲಿಸ್‌ನಲ್ಲಿ ನಾನು ಬಾಡಿಗೆಗಿದ್ದ ಮನೆಯ ಯಜಮಾನರು ಊಟದ ಮೇಜಿನ ಒಂದು ತುದಿಯಲ್ಲಿ ಉಪ್ಪಿನ ಡಬ್ಬಿ ಇಡುತ್ತಿದ್ದರು. ಅಲ್ಲಿಂದ ತೋರುಬೆರಳನ್ನು ಎಡಕ್ಕೆ ಬಳಸಿ, ಮೇಜಿನ ಅಂಚಿನುದ್ದಕ್ಕೂ ಓಡಿಸಿ, ಆಚೆ ತುದಿ ಮುಟ್ಟಿಸಿ "99 ಗಜ" ಎನ್ನುತ್ತಿದ್ದರು. ಎಪ್ಪತ್ತು ದಾಟಿದ ಅವರ ದನಿ ಆಗ ಹುಡುಗನ ದನಿಯಾಗುತ್ತಿತ್ತು. ಅಮೆರಿಕನ್ ಫುಟ್‌ಬಾಲಿನ ಗಂಧಗಾಳಿಯಿಲ್ಲದ ನಾನು ಟೆರ್ರಿ ಬೇಕರ್ ಹೆಸರನ್ನು ಮೊದಲು ಕೇಳಿದ್ದು ಆ ಮೇಜಿನ ಬಳಿ.

ಅವರು ಹೇಳುತ್ತಿದ್ದದ್ದು 1962ರ ಡಿಸೆಂಬರ್ 15ರ ಕಥೆ. ಫಿಲಡೆಲ್ಫಿಯಾದ ಮುನಿಸಿಪಲ್ ಸ್ಟೇಡಿಯಂ, ಕೊರೆಯುವ ಚಳಿ. ಲಿಬರ್ಟಿ ಬೌಲ್ ಪಂದ್ಯದಲ್ಲಿ ಕೊರ್ವಾಲಿಸ್‌ನ ಆರೆಗಾನ್ ಸ್ಟೇಟ್ ವಿಶ್ವವಿದ್ಯಾಲಯದ ತಂಡಕ್ಕೆ ಎದುರಾಳಿ ವಿಲ್ಲನೋವಾ. ಚೆಂಡು ಆರೆಗಾನ್ ಸ್ಟೇಟ್‌ನ ಸ್ವಂತ ಗೋಲ್ ಗೆರೆಯಿಂದ ಒಂದೇ ಗಜ ಮುಂದಿತ್ತು. ಹಿಂದೆ ಸರಿಯಲು ಜಾಗವೇ ಇಲ್ಲ. ತಂಡದ ಆಟ ನಡೆಸುವ ಎಡಗೈ ಕ್ವಾರ್ಟರ್‌ಬ್ಯಾಕ್ ಬೇಕರ್ ಚೆಂಡು ಹಿಡಿದು ಎಡಬದಿಗೆ ಬಳಸಿ ಓಡಿದರು. ಮೈದಾನವೇ ಮುಗಿಯುವ ತನಕ ಓಡಿದರು. ಆ ಪಂದ್ಯದಲ್ಲಿ ಬಂದ ಅಂಕ ಅಷ್ಟೇ: 6-0. ಮೈದಾನದ ಉದ್ದ 100 ಗಜವಾದ್ದರಿಂದ ಅಂಥ ಓಟವನ್ನು ಯಾರಾದರೂ ಸರಿಗಟ್ಟಬಹುದು, ಮೀರಿಸುವಂತಿಲ್ಲ.

ಬೇಕರ್ ಬೆಳೆದದ್ದು ಪೋರ್ಟ್‌ಲ್ಯಾಂಡಿನಲ್ಲಿ. ಅಲ್ಲಿನ ಜೆಫರ್ಸನ್ ಹೈಸ್ಕೂಲ್ ತಂಡದಲ್ಲಿ ಅವರ ಜೊತೆಗಾರ ಮೆಲ್ ರೆನ್‌ಫ್ರೋ. ಕಾಲೇಜಿಗೆ ಬೇಕರ್ ಬಂದದ್ದು ಬಾಸ್ಕೆಟ್‌ಬಾಲ್ ನೆಚ್ಚಿಕೊಂಡು. ಓದುತ್ತಿದ್ದದ್ದು ಮೆಕ್ಯಾನಿಕಲ್ ಎಂಜಿನಿಯರಿಂಗ್. ಕೋಚ್ ಟಾಮಿ ಪ್ರೋಥ್ರೋ ಆಗಿನ್ನೂ ಸಿಂಗಲ್ ವಿಂಗ್ ಎಂಬ ಹಳೆಯ ಪದ್ಧತಿಯಲ್ಲಿ ಆಡಿಸುತ್ತಿದ್ದರು. ಅದರಲ್ಲಿ ಚೆಂಡು ನೇರವಾಗಿ ಹಿಂದೆ ನಿಂತ ಟೇಲ್‌ಬ್ಯಾಕ್‌ನ ಕೈಗೆ ಬರುತ್ತದೆ. ಓಡುವುದೋ ಎಸೆಯುವುದೋ ಅವನ ವಿವೇಚನೆ. ಬೇಕರ್ ಪಳಗಿದ್ದು ಅಲ್ಲಿ. 1962ರಲ್ಲಿ ಪ್ರೋಥ್ರೋ ಪದ್ಧತಿ ಬದಲಿಸಿ ಅವರನ್ನು ಕ್ವಾರ್ಟರ್‌ಬ್ಯಾಕ್ ಮಾಡಿದರು. ಆಗಲೂ ಬೇಕರ್ ಬದಿಗೆ ಓಡುತ್ತಲೇ ಆಟ ಓದುತ್ತಿದ್ದರು. ಆ ವರ್ಷ ಎಸೆತದಲ್ಲಿ 1,738 ಗಜ, ಓಟದಲ್ಲಿ 538 ಗಜ. ಎರಡೂ ಕೂಡಿದರೆ ಇಡೀ ದೇಶಕ್ಕೇ ಮೊದಲಿಗರು.

ಆ ಚಳಿಗಾಲದಲ್ಲಿ ಹೈಸ್ಮನ್ ಟ್ರೋಫಿ ಅವರದಾಯಿತು. ಕಾಲೇಜು ಫುಟ್‌ಬಾಲಿನ ಅತ್ಯುತ್ತಮ ಆಟಗಾರನಿಗೆ ನ್ಯೂಯಾರ್ಕಿನ ಡೌನ್‌ಟೌನ್ ಅಥ್ಲೆಟಿಕ್ ಕ್ಲಬ್ ಕೊಡುತ್ತಿದ್ದ ಈ ಪ್ರಶಸ್ತಿ ಅಲ್ಲಿಯವರೆಗೆ ಪೆಸಿಫಿಕ್ ಕರಾವಳಿಯ ಯಾರಿಗೂ ಸಂದಿರಲಿಲ್ಲ. ಸ್ಪೋರ್ಟ್ಸ್ ಇಲ್ಲಸ್ಟ್ರೇಟೆಡ್ ಪತ್ರಿಕೆ ಅವರನ್ನು ವರ್ಷದ ಕ್ರೀಡಾಪಟು ಎಂದು ಆರಿಸಿತು. 1963ರ ಮಾರ್ಚ್‌ನಲ್ಲಿ ಬಾಸ್ಕೆಟ್‌ಬಾಲ್ ತಂಡದೊಂದಿಗೆ ರಾಷ್ಟ್ರೀಯ ಸೆಮಿಫೈನಲ್‌ಗೂ ಹೋದರು. ಅಲ್ಲಿ ಸಿನ್ಸಿನಾಟಿ ಎದುರು 80-46ರಲ್ಲಿ ಸೋತರು. ಹೈಸ್ಮನ್ ಗೆದ್ದವರಲ್ಲಿ ಆ ಹಂತದ ಬಾಸ್ಕೆಟ್‌ಬಾಲ್ ಆಡಿದವರು ಅವರೊಬ್ಬರೇ.

ಅಷ್ಟರಲ್ಲಿ ಅವರ ಮುಂದಿನ ದಾರಿಯನ್ನು ಬೇರೆಯವರು ಗೊತ್ತುಮಾಡಿ ಆಗಿತ್ತು. ವೃತ್ತಿಪರ ಲೀಗಿನಲ್ಲಿ ಡ್ರಾಫ್ಟ್ ಎಂಬ ಪದ್ಧತಿ 1936ರಿಂದ ಇದೆ: ಹಿಂದಿನ ವರ್ಷ ಎಲ್ಲರಿಗಿಂತ ಹೆಚ್ಚು ಸೋತ ತಂಡಕ್ಕೆ ಹೊಸ ಆಟಗಾರರಲ್ಲಿ ಮೊದಲ ಆಯ್ಕೆ. ತಂಡಗಳ ಬಲ ಸರಿತೂಗಲೆಂದು ಮಾಡಿದ ಏರ್ಪಾಡು. ಅದರ ಇನ್ನೊಂದು ಮುಖವೆಂದರೆ, ದೇಶದ ಅತಿ ಭರವಸೆಯ ಹುಡುಗ ಹೋಗಿ ಬೀಳುವುದು ಅತಿ ಕೆಟ್ಟ ಸ್ಥಿತಿಯ ತಂಡಕ್ಕೆ. 1962ರಲ್ಲಿ ಲಾಸ್ ಏಂಜಲೀಸ್ ರಾಮ್ಸ್ 14 ಪಂದ್ಯಗಳಲ್ಲಿ ಗೆದ್ದದ್ದು ಒಂದೇ ಒಂದು. ಅವರು ಮೊದಲಿಗೆ ಕೂಗಿದ ಹೆಸರು ಬೇಕರ್.

ರಾಮ್ಸ್ ಬಳಿ ಆಗಲೇ ರೋಮನ್ ಗೇಬ್ರಿಯಲ್ ಎಂಬ ಎತ್ತರದ, ಬಲವಾದ ತೋಳಿನ ಕ್ವಾರ್ಟರ್‌ಬ್ಯಾಕ್ ಇದ್ದರು. ಆದರೂ 1963ರ ಮೊದಲ ಪಂದ್ಯವನ್ನು ಬೇಕರ್‌ಗೆ ವಹಿಸಿದರು. ಎಸೆತಗಳು ಎದುರಾಳಿಗಳ ಕೈಸೇರಿದವು. ಕ್ವಾರ್ಟರ್‌ಬ್ಯಾಕ್ ಆಗಿ ಅವರು ಆರಂಭಿಸಿದ ಪಂದ್ಯ ಅದೊಂದೇ. ವೃತ್ತಿಪರ ಆಟ ಕೇಳುತ್ತಿದ್ದದ್ದು ಬೇರೆಯದನ್ನು. ಕಾವಲುಗಾರರ ನಡುವಿನ ಪುಟ್ಟ ಜಾಗದಲ್ಲಿ ಅಲುಗದೆ ನಿಂತು, ಮುನ್ನುಗ್ಗುವ ದೈತ್ಯರ ತಲೆಯ ಮೇಲಿಂದ ಚೆಂಡನ್ನು ದೂರಕ್ಕೆ ಗುಂಡಿನಂತೆ ಕಳಿಸಬೇಕು. ಅಂಥ ತೋಳು ಬೇಕರ್ ಅವರದಲ್ಲ. ಅವರ ಶಕ್ತಿಯೆಲ್ಲ ಓಡುತ್ತಾ ಯೋಚಿಸುವುದರಲ್ಲಿತ್ತು. 1964ರಲ್ಲಿ ರಾಮ್ಸ್ ಮತ್ತೊಬ್ಬ ಕ್ವಾರ್ಟರ್‌ಬ್ಯಾಕ್ ಬಿಲ್ ಮನ್ಸನ್‌ರನ್ನು ಮೊದಲ ಸುತ್ತಿನಲ್ಲೇ ಆರಿಸಿತು. ಬೇಕರ್ ಚೆಂಡು ಹೊತ್ತು ಓಡುವ ಸ್ಥಾನಕ್ಕೆ ಸರಿದರು. ಮೂರು ವರ್ಷಗಳಲ್ಲಿ 21 ಎಸೆತ. ಅಂಕ ತಂದದ್ದು ಒಂದೂ ಇಲ್ಲ, ಎದುರಾಳಿಗಳ ಪಾಲಾದದ್ದು ನಾಲ್ಕು. 1967ರಲ್ಲಿ ಕೆನಡಾದ ಎಡ್‌ಮಂಟನ್ ತಂಡಕ್ಕೆ ಆಡಿ ಆಟ ಮುಗಿಸಿದರು. ಶಾಲೆಯ ಜೊತೆಗಾರ ರೆನ್‌ಫ್ರೋ ಡಲ್ಲಾಸ್ ಕೌಬಾಯ್ಸ್‌ಗೆ 14 ವರ್ಷ ಆಡಿ, ವೃತ್ತಿಪರ ಫುಟ್‌ಬಾಲಿನ ಹಾಲ್ ಆಫ್ ಫೇಮ್ ಸೇರಿದರು.

ಇಷ್ಟನ್ನು ಓದಿಕೊಂಡಾಗ ನನಗೆ ಎದೆ ಭಾರವಾಯಿತು. ನಾನೂ ರ್‍ಯಾಂಕ್ ಬಂದ ಹುಡುಗ. ಪಿಯುಸಿ ಫಲಿತಾಂಶದ ಮರುದಿನ ಪತ್ರಿಕೆಯಲ್ಲಿ ನನ್ನ ಫೋಟೊ ಬಂದಿತ್ತು, ಅಮ್ಮ ಬಾಯಿಗೆ ಸಿಹಿ ಇಡುತ್ತಿದ್ದ ಫೋಟೊ. ಕೊರ್ವಾಲಿಸ್‌ನಲ್ಲಿ, ಬೇಕರ್ ಓದಿದ ಅದೇ ವಿಷಯದಲ್ಲಿ, ಪಿಎಚ್.ಡಿ.ಗೆ ಮುಂದುವರಿಯುವ ಪರೀಕ್ಷೆ ನನಗೆ ದಕ್ಕಲಿಲ್ಲ. ಎಂ.ಎಸ್. ಮುಗಿಸಿ ಕೆಲಸಕ್ಕೆ ಸೇರಿದೆ. ಊರಿಗೆ ಹೋದಾಗ ಸೋದರಮಾವ ಆ ಫೋಟೊ ನೆನಪಿಸಿಕೊಂಡು, "ಅಷ್ಟು ಬುದ್ಧಿವಂತ ಇದ್ದೆಯಲ್ಲೋ" ಎಂದರು. ಆ ಮಾತು ಬಹಳ ದಿನ ಚುಚ್ಚಿತು.

ಬಹುಮಾನ ಕೊಡುವುದು ಆಗಿಹೋದದ್ದಕ್ಕೆ. ನಾವು ಅದನ್ನು ಮುಂದಿನದಕ್ಕೆ ಬರೆಸಿಕೊಂಡ ಸಾಲಪತ್ರ ಎಂದುಕೊಳ್ಳುತ್ತೇವೆ, ತೀರದಿದ್ದರೆ ಹುಡುಗನ ಬಾಗಿಲಿಗೆ ಹೋಗಿ ನಿಲ್ಲುತ್ತೇವೆ. 1935ರಲ್ಲಿ ಈ ಟ್ರೋಫಿಯನ್ನು ಮೊಟ್ಟಮೊದಲು ಪಡೆದ ಜೇ ಬರ್ವಾಂಗರ್, ಮರುವರ್ಷದ ಮೊಟ್ಟಮೊದಲ ಡ್ರಾಫ್ಟಿನ ಮೊದಲ ಆಯ್ಕೆಯೂ ಹೌದು. ಅವರು ವೃತ್ತಿಪರ ಲೀಗಿನಲ್ಲಿ ಒಂದು ಪಂದ್ಯವನ್ನೂ ಆಡಲಿಲ್ಲ. ಟ್ರೋಫಿಯಿಂದ ತಂಡಕ್ಕೆ ನೇರ ದಾರಿಯಿದೆ ಎಂಬ ನಂಬಿಕೆ ಮೊದಲ ದಿನವೇ ಸುಳ್ಳಾಗಿತ್ತು.

ಬೇಕರ್ ಅಂಥ ಸಾಲಪತ್ರಕ್ಕೆ ಸಹಿ ಹಾಕಿದವರಲ್ಲ. ಲಾಸ್ ಏಂಜಲೀಸ್‌ನಲ್ಲಿದ್ದಾಗಲೇ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಕಾನೂನು ಓದಿಗೆ ಕೂತಿದ್ದರು. ಬೆಂಚಿನ ಮೇಲೆ ಕಳೆದ ವರ್ಷಗಳೆಂದು ಅಂಕಿಪಟ್ಟಿ ತೋರಿಸುವ ಕಾಲವೇ ಅವರು ವಕೀಲರಾಗಲು ಓದಿದ ಕಾಲವೂ ಹೌದು.

ಒಂದು ರಾತ್ರಿ ಯಜಮಾನರ ಬೆರಳು ಮೇಜಿನ ಆಚೆ ತುದಿ ಮುಟ್ಟಿದ ಮೇಲೆ ನಾನು ಕೇಳಿದೆ: "ಆಮೇಲೆ?" ರಾಮ್ಸ್ ಹೆಸರು ಬರುತ್ತದೆಂದು ಕಾದೆ.

"ಆಮೇಲೆ ಲಾ ಓದಿದರು. ಪೋರ್ಟ್‌ಲ್ಯಾಂಡಿಗೆ ವಾಪಸು ಬಂದು ವಕೀಲಿಕೆ ಮಾಡಿದರು" ಎಂದ ಅವರು, ಉಪ್ಪಿನ ಡಬ್ಬಿಯನ್ನು ನನ್ನ ತಟ್ಟೆಯತ್ತ ಸರಿಸಿದರು.